ಹೊಸ್ತಿಲಾಚೆ ನಿಂತ ಹೆಸರು

ದಿನಾ ಬೆಳಗ್ಗೆ ಒಲೆಯ ಬೂದಿ ಕೆದಕುತ್ತಾ ಫಿನ್ಗೂಲ ಸೊಸೆಯನ್ನು ಕೇಳುತ್ತಿದ್ದುದು ಒಂದೇ ಮಾತು.

"ಯಾರಾದ್ರೂ ಬಂದಿದ್ರೇನೇ?"

"ಯಾರೂ ಇಲ್ಲ ಅತ್ತೆ," ಅನ್ನುತ್ತಿದ್ದಳು ಮೂರಿನ್.

"ನಿದ್ದೆ ಮಾಡಿದ್ಯೋ ಇಲ್ವೋ?"

"ಮಾಡ್ದೆ."

"ಮಾಡಿದ್ರೆ ಬರದೆ ಇರ್ತಾರಾ? ಏನ್ ನಿದ್ದೆನೋ ನಿಂದು, ಕಲ್ಲು ಬಿದ್ದಂಗೆ."

ಕೇಳುತ್ತಿದ್ದುದು ಕನಸಿನ ವಿಚಾರ. ಮೂರಿನ್ ತುಂಬಿದ ಬಸುರಿ, ಆ ಮನೆಗೆ ಬಂದ ಮೇಲೆ ಮೊದಲನೆಯದು. ನಮ್ಮ ದ್ವೀಪದಲ್ಲಿ ಬಸುರಿಯ ಕನಸು ಅವಳೊಬ್ಬಳ ಸ್ವತ್ತಲ್ಲ, ಇಡೀ ಮನೆಯದು. ಮುದುಕಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರಿನ್‌ಗೆ ಮಾತ್ರ ಆ ಪ್ರಶ್ನೆ ಕೇಳಿದಾಗಲೆಲ್ಲ ಮೈ ಉರಿಯುತ್ತಿತ್ತು.

ಇದು ನಡೆದದ್ದು ಪಶ್ಚಿಮದ ದ್ವೀಪಗಳು ಸ್ಕಾಟರ ರಾಜನಿಗೆ ಸೇರಿದವೋ ನಾರ್ವೆಯ ರಾಜನಿಗೋ ಎಂದು ದೊಡ್ಡವರು ದೂರದಲ್ಲೆಲ್ಲೋ ಕೂತು ಜಗಳವಾಡುತ್ತಿದ್ದ ಕಾಲದಲ್ಲಿ. ಆ ಜಗಳ ನಮ್ಮವರೆಗೆ ಬಂದದ್ದು ಕಡಿಮೆ. ಬಂದದ್ದು ಎರಡೂ ಕಡೆಯ ಹೆಸರುಗಳು ಅಷ್ಟೆ. ಅವೂ ಬಹಳ ಇರಲಿಲ್ಲ. ಇದ್ದ ಹೆಸರುಗಳನ್ನೇ ಒಳ್ಳೆಯ ಕಂಬಳಿಯ ಹಾಗೆ ಜೋಪಾನವಾಗಿ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದೆವು.

ಒಬ್ಬ ಸತ್ತರೆ ಅವನ ಹೆಸರನ್ನು ಆಮೇಲೆ ಯಾರೂ ಬಾಯಲ್ಲಿ ಆಡುತ್ತಿರಲಿಲ್ಲ. ಅದು ಹೊಸ್ತಿಲಿನ ಆಚೆ ಚಳಿಯಲ್ಲಿ ನಿಂತು ಕಾಯುತ್ತದೆ. ಆ ಮನೆಯಲ್ಲಿ ಯಾರಾದರೂ ಬಸುರಿಯಾದರೆ ಸತ್ತವನು ಅವಳ ಕನಸಿಗೆ ಬಂದು ಜಾಗ ಕೇಳುತ್ತಾನೆ. ಬಂದವನ ಹೆಸರನ್ನು ಮಗುವಿಗೆ ಇಟ್ಟರೆ ಅವನು ಬೆಚ್ಚಗೆ ಮನೆ ಸೇರಿದ ಹಾಗೆ. ಇನ್ನೊಂದು ಕಟ್ಟುನಿಟ್ಟು ಏನೆಂದರೆ, ಒಂದು ಮನೆಯಲ್ಲಿ ಒಂದು ಹೆಸರು ಬದುಕಿರುವ ಒಂದೇ ತಲೆಯ ಮೇಲೆ ಇರಬೇಕು. ಇಬ್ಬರಿಗಿದ್ದರೆ, ಸಾವು ಬಂದು ಒಬ್ಬನನ್ನು ಕರೆದಾಗ ಯಾರು ಓಗೊಡುತ್ತಾರೋ ಹೇಳುವ ಹಾಗಿಲ್ಲ. ಆಚೆ ದಡದ ದೊಡ್ಡ ನಾಡಿಗೆ ಹೊಸದಾಗಿ ಬಂದ ಕುದುರೆ ಸವಾರ ದೊರೆಗಳ ಮನೆಗಳಲ್ಲಿ ಅಪ್ಪನೂ ವಿಲಿಯಂ ಮಗನೂ ವಿಲಿಯಂ ಎಂದು ಕೇಳಿದ್ದೇವೆ. ಅವರ ಧೈರ್ಯ ಅವರಿಗೆ.

ಮೂರಿನ್ ಗಂಡ ಟೊರ್ಕಲ್ ಕುರಿಗಳ ಉಣ್ಣೆ ಕತ್ತರಿಸುವ ಕಾಲದಲ್ಲಿ ಒಬ್ಬ ವ್ಯಾಪಾರಿಯ ದೋಣಿಯಲ್ಲಿ ಹುಟ್ಟು ಹಾಕಲು ಐರ್ಲೆಂಡಿಗೆ ಹೋಗಿದ್ದ. ಬಾರ್ಲಿ ಕೊಯ್ಲಿಗೆ ಬಂದುಬಿಡುತ್ತೇನೆ ಅಂದಿದ್ದ. ತಾನು ಬಸುರಿ ಎಂದು ಆಗ ಅವಳಿಗೇ ಗೊತ್ತಿರಲಿಲ್ಲ. ಕೊಯ್ಲು ಮುಗಿಯಿತು. ದನಗಳು ಗುಡ್ಡದಿಂದ ಇಳಿದು ಕೊಟ್ಟಿಗೆ ಸೇರಿದವು. ದೋಣಿಯ ಸುದ್ದಿ ಮಾತ್ರ ಯಾವ ದಡಕ್ಕೂ ಬರಲಿಲ್ಲ. ಹೊಟ್ಟೆ ಮುಂದೆ ಬಂದ ಹಾಗೆಲ್ಲ ಊರವರು ಅವಳ ಮುಖ ತಪ್ಪಿಸಿ ಹೊಟ್ಟೆಯನ್ನೇ ನೋಡತೊಡಗಿದರು.

ಈಗ ಅತ್ತೆಯ ಪ್ರಶ್ನೆ ಯಾಕೆ ಚುಚ್ಚುತ್ತಿತ್ತು ಎಂದು ಗೊತ್ತಾಗಿರಬೇಕು. ಟೊರ್ಕಲ್ ಕನಸಿಗೆ ಬಂದರೆ ಟೊರ್ಕಲ್ ಸತ್ತಿದ್ದಾನೆ ಎಂದರ್ಥ. ಹೆತ್ತ ಮಗ ಸತ್ತನೋ ಇಲ್ಲವೋ ಎಂದು ದಿನಾ ಬೆಳಗ್ಗೆ ಬೂದಿ ಕೆದಕಿದಷ್ಟೇ ಹಗುರಾಗಿ ಕೇಳುತ್ತಾಳಲ್ಲ, ಇವಳ ಎದೆಯಲ್ಲಿ ಇರುವುದು ಏನು ಎಂದು ಮೂರಿನ್ ಹಲ್ಲು ಕಚ್ಚಿಕೊಳ್ಳುತ್ತಿದ್ದಳು. ಕನಸು ಬರದಿರಲೆಂದು ರಾತ್ರಿಯೆಲ್ಲ ಮಗ್ಗುಲು ಬದಲಿಸುತ್ತಾ ಎಚ್ಚರವಾಗಿ ಇರಲು ನೋಡುತ್ತಿದ್ದಳು.

ರಾತ್ರಿಯನ್ನು ಕಾದವಳಿಗೆ ಹಗಲು ಕೈಕೊಟ್ಟಿತು. ಚಳಿಗಾಲದ ನಡುವೆ ಒಂದು ಮಧ್ಯಾಹ್ನ ಗಾಳಿ ನಿಂತು ಬಿಸಿಲು ಬಿತ್ತು. ಒಲೆಯಲ್ಲಿ ಉರಿಸುವ ಮಣ್ಣುಹೆಂಟೆ ತರಲು ಹೊರಗೆ ಹೋದ ಮೂರಿನ್, ಹೆಂಟೆಗಳ ರಾಶಿಗೆ ಬೆನ್ನು ಕೊಟ್ಟು ಒಂದು ಗಳಿಗೆ ಕೂತಳು. ಜೌಗಿನಲ್ಲಿ ಕಡಿದು ಒಣಗಿಸಿದ ಆ ಮಣ್ಣಿನಲ್ಲಿ ಕಳೆದ ಬೇಸಿಗೆಯ ವಾಸನೆ ಇನ್ನೂ ಇತ್ತು. ಟೊರ್ಕಲ್ ಕಡಿದು ಎಸೆಯುತ್ತಿದ್ದ, ಅವಳು ಹಿಡಿದು ಜೋಡಿಸುತ್ತಿದ್ದಳು. ಕಣ್ಣು ಮುಚ್ಚಿದ್ದು ಅವಳಿಗೇ ತಿಳಿಯಲಿಲ್ಲ.

ಕನಸಿನಲ್ಲಿ ಅವಳು ಮನೆಯೊಳಗೇ ಇದ್ದಳು. ಮೊಣಕೈವರೆಗೆ ಬಾರ್ಲಿ ಹಿಟ್ಟು. ಒಲೆಯ ಸುತ್ತ, ದಡದ ಬಂಡೆಗಳ ಮೇಲೆ ಬಿಸಿಲು ಕಾಯಿಸುವ ಕಡಲನಾಯಿಗಳು ಮೈ ಮುದುಡಿ ಮಲಗಿದ್ದವು. ಅವುಗಳ ಬೂದುಬಣ್ಣದ ಬೆನ್ನು ಬೆಂಕಿಯ ಬೆಳಕಿನಲ್ಲಿ ಮಿರುಗುತ್ತಿತ್ತು. ಇವು ಯಾವಾಗ ಬಂದವು ಎಂದು ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ, ಇವಕ್ಕೆಲ್ಲ ರೊಟ್ಟಿ ಸಾಲುತ್ತದೋ ಇಲ್ಲವೋ ಎಂಬುದೊಂದೇ ಚಿಂತೆ. ಹೊರಗೆ ಅಂಗಳದಲ್ಲಿ ಹೆಜ್ಜೆ ಸಪ್ಪಳವಾಯಿತು. ಒಂದು ಕಾಲು ಬೀಳುತ್ತಿತ್ತು, ಇನ್ನೊಂದು ಎಳೆಯುತ್ತಿತ್ತು. ಬಾಗಿಲಲ್ಲಿ ಒಬ್ಬ ಗಂಡಸು ಬಂದು ನಿಂತ. ಬೆಳಕಿಗೆ ಬೆನ್ನು ಮಾಡಿದ್ದರಿಂದ ಮುಖ ಕಾಣಲಿಲ್ಲ. ಕೂದಲಿಂದ, ತೋಳಿಂದ, ಕೈಯಲ್ಲಿದ್ದ ಗಂಟಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಒಳಗೆ ಜಾಗ ಇದೆಯಾ?" ಎಂದು ಕೇಳಿದ.

"ಇಲ್ಲ, ತುಂಬಿದೆ," ಅಂದಳು ಮೂರಿನ್.

ಅವನು ಹೋಗಲೂ ಇಲ್ಲ, ಬರಲೂ ಇಲ್ಲ. ಹೊಸ್ತಿಲಿನ ಆಚೆ ನೀರಿನ ಮಡು ದೊಡ್ಡದಾಗುತ್ತಾ ಹೋಯಿತು. ಎಚ್ಚರವಾದಾಗ ಬಿಸಿಲು ಹೋಗಿತ್ತು. ಅವಳ ಬಟ್ಟೆಯ ಅಂಚು ಇಬ್ಬನಿಯಲ್ಲಿ ನೆಂದಿತ್ತು.

ಆ ಹೆಜ್ಜೆಯ ವಿಚಾರ ಹೇಳಬೇಕು. ಫಿನ್ಗೂಲಳ ಗಂಡ, ಅಂದರೆ ಟೊರ್ಕಲ್‌ನ ಅಪ್ಪ, ವಯಸ್ಸಿನಲ್ಲಿದ್ದಾಗ ದಡಕ್ಕೆ ದೋಣಿ ಎಳೆಯುವಾಗ ಅದರ ಅಡಿಗೆ ಸಿಕ್ಕಿ ಎಡಗಾಲು ಮುರಿದುಕೊಂಡಿದ್ದ. ಅಲ್ಲಿಂದ ಸಾಯುವವರೆಗೂ ಅವನ ನಡಿಗೆ ಹಾಗೇ, ಒಂದು ಕಾಲು ಬಿದ್ದು ಇನ್ನೊಂದು ಎಳೆಯುವ ನಡಿಗೆ. ಅವನು ಹೋದ ಮೇಲೆ ಮನೆಯಲ್ಲಿ ಮಗು ಹುಟ್ಟಿರಲಿಲ್ಲ. ಹಾಗಾಗಿ ಅವನ ಹೆಸರು ವರ್ಷಗಟ್ಟಲೆ ಹೊರಗೆ ನಿಂತಿತ್ತು. ಅದನ್ನು ನಾನೂ ಈಗ ಹೇಳುವುದಿಲ್ಲ. ಹೇಳುವ ಹಕ್ಕು ನನ್ನದಲ್ಲ.

ಹಾಗಿದ್ದರೆ ಬಂದವನು ಮಾವ ಅಲ್ಲವೇ? ನೀವೋ ನಾನೋ ಆಗಿದ್ದರೆ ಹಾಗೇ ಹೇಳಿ ಮಲಗಿಬಿಡುತ್ತಿದ್ದೆವು. ಮೂರಿನ್ ಅಂಥವಳಲ್ಲ. ತನಗೆ ಅನುಕೂಲವಾದದ್ದನ್ನೆಲ್ಲ ಅನುಮಾನದಿಂದ ನೋಡುವ ಕೆಟ್ಟ ಚಾಳಿ ಅವಳದು. ಮಾವ ಸತ್ತದ್ದು ಹಾಸಿಗೆಯಲ್ಲಿ, ಒಣ ಮೈಯಲ್ಲಿ. ನೀರು ಸುರಿಸಿಕೊಂಡು ಬಂದು ನಿಲ್ಲುವವನು ಕಡಲಲ್ಲಿ ಹೋದವನು ತಾನೇ? ಕುಂಟು ಹೆಜ್ಜೆ ತನ್ನ ಆಸೆ ಹುಟ್ಟಿಸಿದ ಸಪ್ಪಳ, ಗಂಡ ಬದುಕಿರಲಿ ಎಂಬ ಆಸೆಯೇ ಮಾವನ ಕಾಲು ಕಟ್ಟಿಕೊಂಡು ಬಂದಿದೆ ಎಂದು ಅವಳು ತೀರ್ಮಾನಿಸಿದಳು. ನೀರು ನಿಜ, ಕಾಲು ಸುಳ್ಳು. ತೀರ್ಮಾನಿಸಿದ ಮೇಲೆ ಅದನ್ನು ನುಂಗಿಕೊಂಡು ಕೂತಳು.

ಮರುದಿನ ಬೆಳಗ್ಗೆ ಅತ್ತೆ ಕೇಳಿದಳು. ಮೂರಿನ್ "ಯಾರೂ ಇಲ್ಲ" ಅಂದಳು. ಆದರೆ ಆವತ್ತು ಸಿಟ್ಟು ತಡೆಯಲಾಗದೆ ಇನ್ನೊಂದು ಮಾತೂ ಬಾಯಿಂದ ಬಿತ್ತು.

"ದಿನಾ ಕೇಳ್ತೀರಲ್ಲ ಅತ್ತೆ, ಮಗ ಸತ್ತ ಅಂತ ನನ್ ಬಾಯಲ್ಲೇ ಹೇಳಿಸ್ಬೇಕು ಅಂತಾನಾ?"

ಫಿನ್ಗೂಲ ಬೂದಿ ಕೆದಕುವುದನ್ನು ನಿಲ್ಲಿಸಿದಳು. ಒಲೆಯ ಹೊಗೆಯಲ್ಲಿ ಅವಳ ಕಣ್ಣು ಮಂಜಾಗಿ ಬಹಳ ಕಾಲವಾಗಿತ್ತು. ಯಾರು ಬಂದರು ಹೋದರು ಎಂಬುದನ್ನು ಕಾಲಸಪ್ಪಳದಲ್ಲೇ ಗುರುತು ಹಿಡಿಯುತ್ತಿದ್ದಳು.

"ಥೂ, ನಿನ್ ಬಾಯಿಗಿಷ್ಟು," ಅಂದಳು. "ನಾನು ಕಾಯ್ತಿರೋದು ಅವನನ್ನಲ್ಲ ಕಣೇ. ಅವರನ್ನ."

"ಯಾರನ್ನ?"

"ನಿಮ್ ಮಾವನ್ನ. ಅವರು ಬಂದ್ರು ಅಂದ್ರೆ ಆಚೆ ನಿಂತಿರೋರು ಅವರೊಬ್ರೇ ಅಂತ ತಾನೇ? ನನ್ ಮಗ ಅಲ್ಲಿಲ್ಲ ಅಂತ ತಾನೇ? ನೀನು ದಿನಾ ಯಾರೂ ಇಲ್ಲ ಅಂತೀಯ. ಅವರು ಯಾಕೆ ಬರ್ತಿಲ್ಲ ಅಂತ ಒಂದೊಂದ್ಸಲ ಹೆದರಿಕೆಯಾಗತ್ತೆ. ಇವನೇನಾದ್ರೂ ಮುಂದೆ ಬಂದು ಬಾಗಿಲಿಗೆ ಅಡ್ಡ ನಿಂತಿದಾನಾ ಅಂತ."

ಮೂರಿನ್‌ಗೆ ಆ ಗಳಿಗೆಯಲ್ಲಿ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಇಷ್ಟು ದಿನ ಇಬ್ಬರೂ ಒಂದೇ ಒಲೆಯ ಎರಡು ಬದಿಯಲ್ಲಿ ಕೂತು ಒಂದನ್ನೇ ಬೇಡಿಕೊಂಡಿದ್ದರು. "ಮಾವ ಬಂದಿದ್ರು" ಎಂದು ಒಂದು ಮಾತು ಹೇಳಿದ್ದರೆ ಮುದುಕಿ ಎದ್ದು ಕುಣಿಯುತ್ತಿದ್ದಳು. ಆದರೆ ಅದು ಸುಳ್ಳಾದರೆ, ಟೊರ್ಕಲ್ ನಿಜವಾಗಿ ಸತ್ತಿದ್ದರೆ, ಅವನ ಹೆಸರನ್ನು ಒಳಗೆ ಕರೆಯದೆ ತಾನೇ ಬಾಗಿಲು ಹಾಕಿದ ಹಾಗೆ. ಚಳಿಯಲ್ಲಿ ಆ ನೀರು ಸುರಿಯುವ ಬಟ್ಟೆಯಲ್ಲಿ ಎಷ್ಟು ಕಾಲ ನಿಂತಾನು? ಬದುಕಿರುವವನನ್ನು ಸತ್ತ ಅನ್ನುವುದು ಒಂದು ಪಾಪ, ಸತ್ತವನನ್ನು ಹೊರಗೆ ನಿಲ್ಲಿಸುವುದು ಇನ್ನೊಂದು. ಎರಡರಲ್ಲಿ ಯಾವುದನ್ನು ಹೊರುವುದು ಎಂದು ಅವಳು ಹೆರುವವರೆಗೂ ತೂಗಿದಳು.

ಹೆತ್ತದ್ದು ಚಳಿಗಾಲದ ಕೊನೆಗೆ ಬರುವ ಸಂತ ಬ್ರೀಡಳ ಹಬ್ಬದ ಬೆಳಗ್ಗೆ, ಗಂಡುಮಗು. ಸೂಲಗಿತ್ತಿ ಈವಿರ್ ಮಗುವನ್ನು ಎತ್ತಿ ಹಿಡಿದು, "ಸಣ್ಣದು, ಆದ್ರೆ ಬಾಯಿ ಅಜ್ಜಿದೇ," ಅಂದಳು. ಮಗುವಿನ ಉಸಿರು ಸ್ವಲ್ಪ ಗುರುಗುಡುತ್ತಿತ್ತು. ತಡಮಾಡುವುದು ಬೇಡ ಎಂದು ಪಾದ್ರಿ ಮಾಲೀಸರಿಗೆ ಹೇಳಿ ಕಳಿಸಿದರು. ಅವರು ಕೆಸರಿನಲ್ಲಿ ಪಚಪಚ ಬಂದು ಬಾಗಿಲ ಹೊರಗೇ ನಿಂತರು. ಬಾಣಂತಿ ಇಗರ್ಜಿಗೆ ಹೋಗುವ ಹಾಗಿಲ್ಲ. ಮಗುವನ್ನು ಜ್ಞಾನಸ್ನಾನಕ್ಕೆ ಎತ್ತಿಕೊಂಡು ಹೋಗಬೇಕಾದವಳು ಅಜ್ಜಿ. ಹೆಸರು ಹೊತ್ತುಕೊಂಡು ಹೋಗಬೇಕಾದವಳೂ ಅವಳೇ.

"ಹೆಸರು ಏನು ಅಂತ ಬೇಗ ಹೇಳ್ರಮ್ಮಾ," ಅಂದರು ಮಾಲೀಸರು ಹೊರಗಿನಿಂದ. "ಇಲ್ಲಾಂದ್ರೆ ಗಿಲ್ಲೆ ಬ್ರೀಡ ಅಂತಿಡೋಣ. ಬ್ರೀಡಳ ಸೇವಕ. ಹಬ್ಬದ ದಿನಕ್ಕೂ ಸರಿಯಾಯ್ತು, ಯಾರ ತಂಟೇನೂ ಇಲ್ಲ."

"ಅರ್ಧ ದ್ವೀಪ ಆಯಮ್ಮನ ಸೇವಕರೇ ಆಗಿದಾರೆ ಸ್ವಾಮಿ," ಅಂದಳು ಫಿನ್ಗೂಲ. "ಗೇಯೋನು ಒಬ್ಬನೂ ಕಾಣೆ." ಆಮೇಲೆ ಹಾಸಿಗೆಯ ಹತ್ತಿರ ಬಂದು ಬಗ್ಗಿದಳು. ದನಿ ಸಣ್ಣದಾಯಿತು. "ಈಗಲಾದ್ರೂ ಹೇಳು ತಾಯಿ. ಯಾರೂ ಬರ್ಲೇ ಇಲ್ವಾ?"

ಮೂರಿನ್ ಮಗುವಿನ ನೆತ್ತಿ ನೋಡುತ್ತಾ ಮಲಗಿದ್ದಳು. ಸುಳ್ಳು ಹೇಳುವುದು ಎಷ್ಟು ಸುಲಭವಾಗಿತ್ತು! ಅಷ್ಟು ಸುಲಭವಾಗಿದ್ದುದೇ ಅವಳನ್ನು ಹೆದರಿಸಿತು.

"ಬಂದಿದ್ದ ಅತ್ತೆ," ಅಂದಳು. "ನೆಂದಿದ್ದ. ಮೈಯಿಂದ ನೀರು ಸುರೀತಿತ್ತು. ಜಾಗ ಇದೆಯಾ ಅಂದ, ನಾನು ಇಲ್ಲ ಅಂದೆ."

ಕಾಲಿನ ಸಪ್ಪಳದ ವಿಚಾರ ಅವಳು ಹೇಳಲಿಲ್ಲ.

ಫಿನ್ಗೂಲ ಮಗುವನ್ನು ಉಣ್ಣೆಬಟ್ಟೆಯಲ್ಲಿ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಆಮೇಲೆ ಎತ್ತಿಕೊಂಡು ಹೊರಟಳು. ಹಿಂತಿರುಗಿ ಬಂದವಳು ಹೊಸ್ತಿಲಲ್ಲಿ ನಿಂತು, ಒಳಗಿನ ಒಲೆ ಅಟ್ಟ ಕೊಟ್ಟಿಗೆಗಳಿಗೆಲ್ಲ ಕೇಳುವ ಹಾಗೆ ಮಗುವನ್ನು ಒಂದು ಸಲ ಕರೆದಳು: "ಟೊರ್ಕಲ್!" ಮಗುವನ್ನು ಸೊಸೆಯ ಪಕ್ಕ ಮಲಗಿಸಿ, ಮಗ ಕೂರುತ್ತಿದ್ದ ಮಣೆಯನ್ನು ಬೋರಲು ಹಾಕಿ, ಗೋಡೆಗೆ ಮುಖ ಮಾಡಿ ಕೂತು ಅತ್ತಳು. ಮೂರಿನ್‌ಳೂ ಅತ್ತಳು. ಊರ ಹೆಂಗಸರು ಬಂದು ಜೊತೆಗೆ ಅತ್ತು, ರೊಟ್ಟಿ ತಿಂದು ಹೋದರು.

ಅಂದಿನಿಂದ ಮೂರಿನ್ ಗಂಡನಿಗೆ ಹೆಸರಿಲ್ಲ. ನಾನೂ ಇನ್ನು ಅವನನ್ನು 'ಅವನು' ಎಂದೇ ಕರೆಯಬೇಕು.

ವಸಂತ ಬಂತು. ಮಗು ಗುರುಗುಡುವುದನ್ನು ಬಿಟ್ಟು ನಗುವುದನ್ನು ಕಲಿಯಿತು. ಗಡ್ಡ ಬಿಟ್ಟು, ದೋಣಿ ಎಳೆದು, ಕುಡಿದು ಹಾಡು ಹೇಳಿ ಓಡಾಡಿದ ಹೆಸರು ಈಗ ಹಲ್ಲಿಲ್ಲದ ಬೋಡುತಲೆಯ ಮೇಲೆ ಕೂತಿತ್ತು. "ಟೊರ್ಕಲ್, ಒದೀಬೇಡ." "ಟೊರ್ಕಲ್, ಉಚ್ಚೆ ಮಾಡ್ಕೊಂಡ್ಯಾ?" ಹೀಗೆ ಕರೆಯುವಾಗ ಮೂರಿನ್‌ಗೆ ನಗು ಬರುತ್ತಿತ್ತು, ನಕ್ಕದ್ದಕ್ಕೆ ದುಃಖ ಬರುತ್ತಿತ್ತು. ಕೆಲವು ಸಲ ಮಗುವನ್ನು ಕರೆಯುತ್ತಾ ಕರೆಯುತ್ತಾ ದನಿ ತಾನೇ ಬದಲಾಗಿ, ದೂರದಲ್ಲಿ ದಡದ ಮೇಲೆ ಇರುವವನನ್ನು ಊಟಕ್ಕೆ ಕರೆದ ಹಾಗಾಗುತ್ತಿತ್ತು. ಅತ್ತೆ ಕೇಳಿಯೂ ಕೇಳದ ಹಾಗೆ ನೂಲು ತೆಗೆಯುತ್ತಿದ್ದಳು. ಬೆಳಗಿನ ಪ್ರಶ್ನೆ ನಿಂತುಹೋಗಿತ್ತು. ಆ ಪ್ರಶ್ನೆ ಇಲ್ಲದ ಬೆಳಗು ಮೂರಿನ್‌ಗೆ ಖಾಲಿ ಅನ್ನಿಸುತ್ತಿತ್ತು ಅಂದರೆ ನೀವು ನಂಬಬೇಕು.

ಕೋಗಿಲೆ ಕೂಗುವ ಕಾಲಕ್ಕೆ ಕುರಿಗಳು ಮರಿ ಹಾಕಿದ್ದವು. ತಾಯಿ ಸತ್ತ ಕೆಲವು ಮರಿಗಳನ್ನು ಮೂರಿನ್ ಒಳಗೆ ತಂದು ಒಲೆಯ ಬಳಿ ಮಲಗಿಸಿದ್ದಳು. ಹೊರಗೆ ಬೆಳಗಿನ ಮಂಜು ಕರಗುತ್ತಿತ್ತು. ಅವಳು ಬಾರ್ಲಿ ಹಿಟ್ಟು ನಾದುತ್ತಿದ್ದಳು. ಮಗು ತೊಟ್ಟಿಲಲ್ಲಿ ನಿದ್ದೆ ಮಾಡುತ್ತಿತ್ತು. ಫಿನ್ಗೂಲ ಕೈಯಲ್ಲಿ ಕದಿರು ತಿರುಗಿಸುತ್ತಾ ಕೂತಿದ್ದಳು.

ಆ ಕದಿರು ಕೆಳಗೆ ಬಿತ್ತು.

"ಕೇಳಿಸ್ತೇನೇ?" ಅಂದಳು ಮುದುಕಿ.

ಅಂಗಳದಲ್ಲಿ ಹೆಜ್ಜೆ. ಒಂದು ಬೀಳುತ್ತಿತ್ತು. ಒಂದು ಎಳೆಯುತ್ತಿತ್ತು.

"ಅವರೇ," ಅಂದಳು ಫಿನ್ಗೂಲ. "ಹಗಲು ಹೊತ್ನಲ್ಲಿ ಬಂದ್ರಾ?"

ಮೂರಿನ್ ತಲೆ ಎತ್ತಿದಳು. ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ಒಬ್ಬ ಗಂಡಸು ನಿಂತಿದ್ದ. ಕೂದಲಿಂದ ನೀರು ತೊಟ್ಟಿಕ್ಕುತ್ತಿತ್ತು, ಕೈಯಲ್ಲಿದ್ದ ಗಂಟಿನಿಂದಲೂ. ಅವಳು ಒಲೆಯ ಕಡೆ ನೋಡಿದಳು. ಬೂದುಬಣ್ಣದ ಮರಿಗಳು ಮೈ ಮುದುಡಿ ಮಲಗಿದ್ದವು. ತನ್ನ ಕೈ ನೋಡಿಕೊಂಡಳು. ಮೊಣಕೈವರೆಗೆ ಹಿಟ್ಟು. ಮತ್ತೆ ಅದೇ ಕನಸಿನೊಳಗೆ ಬಂದುಬಿಟ್ಟೆನಲ್ಲ ಎಂದು ಅವಳಿಗೆ ಸಂಕಟವಾಯಿತು.

"ಒಳಗೆ ಜಾಗ ಇದೆಯಾ," ಅಂದ ಅವನು, "ಇಲ್ಲಾ ಮನೆ ಪೂರಾ ಕುರಿಮರಿಗಳಿಗೇ ಬಿಟ್ಕೊಟ್ಟಿದೀಯಾ?"

ಸತ್ತವರು ತಮಾಷೆ ಮಾಡುವುದಿಲ್ಲ. ಮೂರಿನ್‌ಳ ಎದೆಯಿಂದ ಅವನ ಹೆಸರು ಗಂಟಲಿಗೆ ಬಂತು, ನಾಲಿಗೆಗೆ ಬಂತು.

"ಕರೀಬೇಡ!" ಎಂದು ಫಿನ್ಗೂಲ ಚೀರಿದಳು. "ಬಾಯ್ಮುಚ್ಚೇ! ತೊಟ್ಟಿಲು!"

ಮೂರಿನ್ ಹಿಟ್ಟಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡಳು. ಅವನು ಹೊಸ್ತಿಲು ದಾಟಲು ಕಾಲು ಎತ್ತಿದ.

"ಅಲ್ಲೇ ನಿಲ್ಲು! ಒಳಗೆ ಕಾಲಿಡಬೇಡ!" ಮುದುಕಿ ಎದ್ದು ಗೋಡೆ ತಡವುತ್ತಾ ಬಾಗಿಲಿಗೆ ಬಂದಳು. ಕೈ ಚಾಚಿ ಅವನ ಮುಖ ಮುಟ್ಟಿದಳು, ಮೂಗು, ಗಡ್ಡ, ಕಿವಿ. "ಮಗನೇ," ಅಂದಳು. "ಅಯ್ಯೋ ನನ್ ಮಗನೇ." ಹೇಳುತ್ತಾ ಅವನನ್ನು ಹೊರಗೇ ತಳ್ಳಿ ಹಿಡಿದಿದ್ದಳು.

"ಏನಾಗಿದೆ ನಿಮಗೆಲ್ಲ?" ಅಂದ ಅವನು. ದನಿಯಲ್ಲಿ ನಗು ಉಳಿದಿರಲಿಲ್ಲ. "ದಡದಲ್ಲೂ ಹಿಂಗೇ. ದೋಣಿ ನಿಲ್ಲೋ ಮುಂಚೆ ನೀರಿಗೆ ಹಾರ್ಕೊಂಡು ಬಂದೆ. ಎಲ್ಲಾ ಸುತ್ಕೊಂಡ್ರು, ಮುಟ್ಟಿದ್ರು, ಚಿವುಟಿದ್ರು. ಒಬ್ರಾದ್ರೂ ಹೆಸರು ಹಿಡಿದು ಕರೀಲಿಲ್ಲ. ಫೆರ್ಖರ್ ಇದಾನಲ್ಲ, ಚಿಕ್ಕಂದಿನಿಂದ ಜೊತೇಲಿ ಹುಟ್ಟು ಹಾಕಿದೋನು, ಅವನೂ 'ಏಯ್, ಬಂದ್ಯಾ' ಅಂದ. ದಾರೀಲಿ ಬರ್ತಾ ನನಗೇ ಅನುಮಾನ ಬಂತು. ಅವ್ವಾ, ನಿಜ ಹೇಳು, ನಾನು ಸತ್ತಿದೀನಾ?"

"ಇಲ್ಲ ಕಣೋ. ನಿನ್ ಹೆಸರು ಈಗ ಬೇರೆಯವರ ಹತ್ರ ಇದೆ."

"ಯಾರ ಹತ್ರ?"

ತೊಟ್ಟಿಲಲ್ಲಿ ಮಗು ಎದ್ದು ಅಳತೊಡಗಿತು. ಅವನು ತಾಯಿಯ ಭುಜದ ಮೇಲಿಂದ ಒಳಗೆ ಇಣುಕಿದ. ಮೂರಿನ್ ಹೋಗಿ ಮಗುವನ್ನು ಎತ್ತಿ ಎದೆಗೆ ಹಿಡಿದುಕೊಂಡು ಅವನ ಮುಂದೆ ನಿಂತಳು.

"ಇವನ ಹತ್ರ," ಅಂದಳು. "ನಿನ್ ಮಗ."

ಅವನು ಹೊಸ್ತಿಲಿನ ಆಚೆ ಅಂಗಳದಲ್ಲಿ ಧಪ್ಪನೆ ಕೂತುಬಿಟ್ಟ. ಕೂತು ನಕ್ಕ, ನಗುತ್ತಾ ಅತ್ತ. ಮಗು ತನ್ನ ಅಳು ನಿಲ್ಲಿಸಿ ಅವನ ಅಳು ನೋಡಿತು.

ಅವನ ಕತೆ ದೊಡ್ಡದೇನಲ್ಲ. ಐರ್ಲೆಂಡಿನ ಕಡೆ ದೋಣಿ ಬಂಡೆಗೆ ಬಡಿದು ಒಡೆಯಿತು. ಇವನ ಎಡಗಾಲು ಮುರಿಯಿತು. ಒಂದು ಮಠದ ಸನ್ಯಾಸಿಗಳು ಎತ್ತಿಕೊಂಡು ಹೋಗಿ ಚಳಿಗಾಲವೆಲ್ಲ ಮಲಗಿಸಿಕೊಂಡಿದ್ದರು. ಮೂಳೆ ಕೂಡಿತು, ಆದರೆ ಸೊಟ್ಟಗೆ. ಇದನ್ನು ಅವನು ಅಂಗಳದಲ್ಲಿ ಕೂತೇ ಹೇಳಿದ. ಅಷ್ಟರಲ್ಲಿ ಊರೆಲ್ಲ ಬಂದು ನೆರೆದಿತ್ತು. ಪಾದ್ರಿ ಮಾಲೀಸರೂ ಬಂದರು.

"ಇದೆಲ್ಲ ಅಜ್ಜಿ ಕತೆ," ಅಂದರು ಅವರು. "ಎರಡನೇ ಸಲ ಜ್ಞಾನಸ್ನಾನ ಅಂತ ಇಲ್ಲ. ದೇವರ ಎದುರಿಗೆ ನಿನ್ನ ಹೆಸರು ಮೊದಲು ಏನಿತ್ತೋ ಈಗಲೂ ಅದೇ." ಅಂದರೇ ಹೊರತು ಆ ಹೆಸರನ್ನು ಅವರೂ ಬಾಯಿಬಿಟ್ಟು ಹೇಳಲಿಲ್ಲ. ಅವರ ತಾಯಿಯೂ ನಮ್ಮ ದ್ವೀಪದವಳೇ.

"ದೇವರು ಏನಂತಾದ್ರೂ ಕರೀಲಿ ಸ್ವಾಮಿ, ಮನೇಲಿ ಕರೆಯೋಕೆ ಒಂದು ಬೇಕಲ್ಲ," ಅಂದಳು ಈವಿರ್. "ಹೆಸರಿಲ್ಲದೋನು ಹೊಸ್ತಿಲು ದಾಟೋ ಹಂಗಿಲ್ಲ."

"ವಿಲಿಯಂ ಅಂತಿಟ್ಕೋ," ಅಂದ ಫೆರ್ಖರ್. "ಆಚೆ ದಡದಲ್ಲಿ ಈಗ ಅದೇ ನಡೀತಿರೋದು."

"ಅದಕ್ಕೆ ಕುದುರೆ ಬೇಕು ಕಣೋ. ನನ್ ಹತ್ರ ಇರೋದು ಕುಂಟು ಕಾಲು."

"ಹಂಗಾದ್ರೆ ಗಿಲ್ಲೆ ಬ್ರೀಡ," ಅಂದಳು ಈವಿರ್.

"ಸೇವಕನಾಗೋಕೆ ಮನೇಲಿ ಇಬ್ರು ಹೆಂಗಸರು ಸಾಲ್ದಾ? ಮೂರನೆಯವರೂ ಬೇಕಾ?"

ಎಲ್ಲರೂ ನಕ್ಕರು. ಒಂದೊಂದೇ ಹೆಸರು ಗಾಳಿಗೆ ಬಿತ್ತು. ಒಂದು ಪಕ್ಕದ ಮನೆಯವನದು, ಇನ್ನೊಂದು ಕದ್ದು ಸಿಕ್ಕಿಬಿದ್ದವನೊಬ್ಬನದು, ಮತ್ತೊಂದು ರಾಜರ ಮನೆಯವರಿಗೆ ಮಾತ್ರ ಒಪ್ಪುವಂಥದು. ಅವನು ಒಂದೊಂದನ್ನೂ ಬಾಯಲ್ಲಿ ಇಟ್ಟು ನೋಡಿ ತಲೆ ಅಲ್ಲಾಡಿಸಿದ. ನಗುವುದು ಮೆಲ್ಲಗೆ ಕಡಿಮೆಯಾಯಿತು. ಬಟ್ಟೆ ಇನ್ನೂ ಒಣಗಿರಲಿಲ್ಲ, ಅವನು ನಡುಗುತ್ತಿದ್ದ.

"ಯಾವ್ದೂ ಬೇಡ," ಅಂದ ಕೊನೆಗೆ. "'ಏಯ್' ಅಂತಾನೇ ಕರೀರಿ. ಒಳಗೆ ಬಿಟ್ರೆ ಸಾಕು. ಬೆಂಕಿ ಹತ್ರ ಕೂತ್ಕೋಬೇಕು ನಾನು."

ಮೂರಿನ್‌ಗೆ ಆ ಮಾತು ಕೇಳಿ ತಡೆಯಲಾಗಲಿಲ್ಲ. ಚಳಿಗಾಲವಿಡೀ ಅವಳು ಹೆದರಿದ್ದು ಇದಕ್ಕೇ, ಅವನು ನೆಂದು ಹೊರಗೆ ನಿಂತಿರುವುದಕ್ಕೆ. ಬದುಕಿ ಬಂದವನನ್ನು ಈಗ ಹಾಗೇ ನಿಲ್ಲಿಸಿದ್ದು ತಾನೇ.

"ತಪ್ಪು ನಂದು ಅತ್ತೆ," ಅಂದಳು. "ಕನಸಲ್ಲಿ ಬಂದೋನು ಕಾಲೆಳೀತಿದ್ದ. ನಾನು ಹೇಳ್ಲಿಲ್ಲ."

ಫಿನ್ಗೂಲ ಸೊಸೆಯ ಕಡೆ ತಿರುಗಿದಳು. "ಕಾಲೆಳೀತಿದ್ನಾ? ಯಾವ ಕಾಲು?"

"ಎಡಗಾಲು. ಮಾವನ ಹಂಗೇ."

"ಮತ್ಯಾಕೇ ಹೇಳ್ಲಿಲ್ಲ? ನಾನು ಅದನ್ನೇ ಕಾಯ್ತಿದ್ದೆ ಅಂತ ಗೊತ್ತಿತ್ತಲ್ಲ ನಿನಗೆ?"

"ಗೊತ್ತಿತ್ತು. ನನಗೂ ಅದೇ ಬೇಕಿತ್ತು. ಅಷ್ಟೊಂದು ಬೇಕಾಗಿರೋದು ನಿಜ ಇರಲ್ಲ ಅಂದ್ಕೊಂಡೆ."

ಮುದುಕಿ ಬಯ್ಯುತ್ತಾಳೆ ಎಂದು ಎಲ್ಲರೂ ಕಾದರು. ಅವಳು ಮಾತ್ರ ಸೊಸೆಯ ಕೆನ್ನೆಗೆ ಹತ್ತಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು.

"ಮಂಕೇ," ಅಂದಳು. "ನಿನಗೆ ಬೇಕಾಗಿರೋದೂ ಒಂದೊಂದ್ಸಲ ನಿಜ ಇರತ್ತೆ ಕಣೇ."

ಆಮೇಲೆ ಬಹಳ ಹೊತ್ತು ಬಾಗಿಲ ಚೌಕಟ್ಟು ಹಿಡಿದು ನಿಂತಳು. ಈ ಮನೆಗೆ ಸೇರಿದ ಇನ್ನೊಂದು ಹೆಸರು ಆಚೆ ನಿಂತಿದೆ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಯಾರೂ ಅದನ್ನು ಎತ್ತುವ ಹಾಗಿರಲಿಲ್ಲ. ಅದು ಅವಳದು. ಮೊಮ್ಮಗನಿಗೆ ಇಡುತ್ತೇನೆ, ಅವನು ಬೆಳೆದು ಮುದುಕನಾಗುವವರೆಗೂ ಊರು ಅದನ್ನು ಕರೆಯುತ್ತಿರುತ್ತದೆ ಎಂದು ಅವಳು ಕಾಪಿಟ್ಟುಕೊಂಡು ಬಂದಿದ್ದಳು. ನಡುವಯಸ್ಸು ಹತ್ತಿರವಾದ ಮಗನಿಗೆ ಕೊಟ್ಟರೆ ಅದು ಅಷ್ಟು ಕಾಲ ಬಾಳುವುದಿಲ್ಲ.

"ಮಗೂಗೆ ಇಟ್ಟಿದ್ರೆ ಬಹಳ ದಿನ ಇರ್ತಿತ್ತು," ಎಂದು ತನ್ನಷ್ಟಕ್ಕೇ ಅಂದುಕೊಂಡಳು.

ಬಾಯಿ ತೆರೆದಳು. ಮೊದಲ ಸಲ ದನಿಯೇ ಬರಲಿಲ್ಲ. ವರ್ಷಗಳಿಂದ ಆಡದ ಮಾತು ಅದು. ಮದುವೆಯಾದ ಹೊಸದರಲ್ಲಿ ಇದೇ ಬಾಗಿಲಲ್ಲಿ ನಿಂತು, ದೋಣಿ ಕಟ್ಟಿ ತಡಮಾಡುತ್ತಿದ್ದ ಗಂಡನನ್ನು ಸಂಜೆ ಸಂಜೆ ಕೂಗಿ ಕರೆದದ್ದು. ಅವಳು ಮಂಜುಗಣ್ಣನ್ನು ಮುಚ್ಚಿಕೊಂಡು ಮತ್ತೆ ಉಸಿರು ಎಳೆದಳು.

"ಲಗ್ಮನ್," ಎಂದು ಕರೆದಳು.

ಅಂಗಳದಲ್ಲಿ ಕೂತಿದ್ದವನು ಎದ್ದ.

"ಲಗ್ಮನ್, ಒಳಗೆ ಬಾ. ಎಷ್ಟು ಹೊತ್ತು ಹೊರಗೇ ನಿಂತಿರ್ತೀಯಾ? ಚಳಿ."

ಒಂದು ಹೆಜ್ಜೆ ಬಿತ್ತು, ಇನ್ನೊಂದು ಎಳೆಯಿತು. ಫಿನ್ಗೂಲ ಕಣ್ಣು ತೆರೆಯದೆ, ಆ ಸಪ್ಪಳ ಹೊಸ್ತಿಲು ದಾಟಿ, ತನ್ನ ಪಕ್ಕದಲ್ಲೇ ಹಾದು, ಒಲೆಯ ಹತ್ತಿರ ಹೋಗಿ ಕೂರುವವರೆಗೂ ಕೇಳಿಸಿಕೊಂಡಳು.